ರೆಪ್ಪೆ ಮಿಟುಕಿಸದವನು

ಜೂನ್ 3

ಅಕ್ಕಾ,

ನೀನು ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಊಟ ಸರಿಯಾಗಿದೆ, ನಿದ್ದೆ ಬರುತ್ತಿದೆ, ಬಾಟಲಿ ಮುಟ್ಟಿಲ್ಲ. ಇನ್ನು ನೆಮ್ಮದಿಯಾಗಿ ಓದು.

ನನಗೊಂದು ಕೆಲಸ ಸಿಕ್ಕಿದೆ. ನಗಬೇಡ. ಮೆಡಿಕಲ್ ಕಾಲೇಜಿನಲ್ಲಿ ರೋಗಿಯ ಕೆಲಸ. ಡಾಕ್ಟರಾಗಲು ಓದುವವರ ಪರೀಕ್ಷೆಗೆ ರೋಗಿಗಳು ಬೇಕಲ್ಲ? ನಿಜವಾದ ರೋಗಿಯನ್ನು ಬೆಳಗಿನಿಂದ ಸಂಜೆವರೆಗೆ ಕೂರಿಸಿ, ಒಬ್ಬರಾದ ಮೇಲೊಬ್ಬರು ಬಂದು ಕಣ್ಣಿಗೆ ಟಾರ್ಚ್ ಬಿಟ್ಟರೆ ಅವನು ಇನ್ನೊಂದು ರೋಗ ಹತ್ತಿಸಿಕೊಂಡು ಮನೆಗೆ ಹೋಗುತ್ತಾನೆ. ಅದಕ್ಕೆ ನಮ್ಮಂಥ ನಟರನ್ನು ಕರೆದು, ರೋಗ ಕಲಿಸಿ, ಕುರ್ಚಿಯಲ್ಲಿ ಕೂರಿಸುತ್ತಾರೆ. ನಾಟಕ ಕಂಪನಿ ಬಿಟ್ಟ ಮೇಲೆ ನನ್ನ ಮುಖಕ್ಕೆ ಬೆಲೆ ಕಟ್ಟಿದವರು ಇವರೇ ಮೊದಲು.

ನನ್ನ ಪಾತ್ರ ಹೇಳುತ್ತೇನೆ ಕೇಳು. ತಲೆಯೊಳಗಿಂದ ಹನ್ನೆರಡು ಜೋಡಿ ನರಗಳು ಹೊರಡುತ್ತವಂತೆ. ವಾಸನೆಗೆ ಒಂದು, ನೋಟಕ್ಕೆ ಒಂದು, ಕಣ್ಣು ಹೊರಳಿಸಲು ಮೂರು, ಹೀಗೆ ಕೊನೆಗೆ ನಾಲಿಗೆಯವರೆಗೆ. ಏಳನೆಯದು ಮುಖದ್ದು. ನನಗೆ ಬಲಗಡೆಯ ಏಳನೆಯ ನರ ಸತ್ತಿದೆ, ಉಳಿದದ್ದೆಲ್ಲ ಸರಿಯಿದೆ. ಇಷ್ಟೇ ಕಥೆ. ಹುಡುಗರು ಮೊದಲಿನಿಂದ ಒಂದೊಂದನ್ನೇ ಪರೀಕ್ಷಿಸುತ್ತ ಬಂದು ಏಳನೆಯದರಲ್ಲಿ ನನ್ನನ್ನು ಹಿಡಿಯಬೇಕು. "ಹುಬ್ಬು ಮೇಲೆತ್ತಿ" ಎಂದರೆ ಎಡ ಹುಬ್ಬು ಮಾತ್ರ ಏರುತ್ತದೆ. "ಕಣ್ಣು ಗಟ್ಟಿಯಾಗಿ ಮುಚ್ಚಿ" ಎಂದರೆ ಬಲಗಣ್ಣು ಅರ್ಧ ತೆರೆದೇ ಇರುತ್ತದೆ. "ಹಲ್ಲು ತೋರ್ಸಿ" ಎಂದರೆ ಬಾಯಿ ಎಡಕ್ಕೆ ಸೊಟ್ಟಗಾಗುತ್ತದೆ. "ಕೆನ್ನೆ ಉಬ್ಬಿಸಿ" ಎಂದರೆ ಬಲ ತುಟಿಯ ಮೂಲೆಯಿಂದ ಪುಸ್ಸೆಂದು ಗಾಳಿ. ಬೇರೆ ನಟರು ಒಂದು ಹುಬ್ಬು ಇಳಿಸಲು ಹೋಗಿ ಎರಡನ್ನೂ ಕುಣಿಸುತ್ತಾರೆ. ನಿನ್ನ ತಮ್ಮ ಇಪ್ಪತ್ತು ವರ್ಷ ಖಳನಾಯಕನ ಪಾತ್ರ ಮಾಡಿದವನು, ಒಂದೇ ಹುಬ್ಬಿನಲ್ಲಿ ಊಟ ಸಂಪಾದಿಸಿದವನು.

ನಿನ್ನೆ ಒಂದು ಘಟನೆ ನಡೆಯಿತು. ದಪ್ಪ ಕನ್ನಡಕದ ಒಬ್ಬ ಹುಡುಗಿ ಪರೀಕ್ಷೆಗೆ ಬಂದಳು. ಕಿವಿಯ ವಿಷಯಕ್ಕೆ ಬಂದಾಗ ಎಲ್ಲರೂ ಕಿವಿಯ ಹತ್ತಿರ ಬೆರಳು ಉಜ್ಜಿ "ಕೇಳ್ಸ್ತಾ?" ಎನ್ನುತ್ತಾರೆ, ನಾನು "ಕೇಳ್ಸ್ತು" ಎನ್ನುತ್ತೇನೆ, ಪಾತ್ರದಲ್ಲಿ ಹಾಗೇ ಇದೆ. ಇವಳು ಮಾತ್ರ ಬಲಗಿವಿಯ ಹತ್ತಿರ ಏನೋ ಗೊಣಗಿ, "ನಾನು ಏನ್ ಹೇಳ್ದೆ ಹೇಳಿ" ಎಂದಳು. ಗೊಣಗಿದ್ದು ಯಾರಿಗೆ ಕೇಳುತ್ತದೆ? ಆಮೇಲೆ ಹತ್ತಿಯ ಎಳೆ ಹೊಸೆದು ಸೀದಾ ನನ್ನ ಬಲಗಣ್ಣಿಗೇ ಮುಟ್ಟಿಸಿಬಿಟ್ಟಳು! ನಟರ ಕಣ್ಣು ಮುಟ್ಟಬಾರದು, "ಮುಟ್ಟಿಸುತ್ತಿದ್ದೆ" ಎಂದು ಬಾಯಲ್ಲಿ ಹೇಳಿದರೆ ಸಾಕು ಎಂದು ನಿಯಮವಿದೆ. ನಾನು ಮಾತ್ರ ಅಲ್ಲಾಡಲಿಲ್ಲ. ಎರಡೂ ಕಣ್ಣಿನ ರೆಪ್ಪೆ ಮಿಟುಕಿಸಲಿಲ್ಲ. ಅಂಕ ಹಾಕಲು ಕೂತಿದ್ದ ದೊಡ್ಡ ಡಾಕ್ಟರು "ಎಂಥಾ ನಟ ರೀ ನೀವು!" ಎಂದು ಮೇಜು ತಟ್ಟಿದರು. ಅವಳು ಬಲಗಿವಿ ಮಂದ, ಬಲಗಣ್ಣಿಗೆ ಸ್ಪರ್ಶವಿಲ್ಲ ಎಂದೆಲ್ಲ ಹೇಳಿದಳು. ಇಲ್ಲದ ರೋಗ ಹುಡುಕಿದ್ದಕ್ಕೆ ಫೇಲಾದಳು. ಹೋಗುವಾಗ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿಕೊಂಡು ಹೋದಳು.

ಫೋನು ಮಾಡಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಕಾಗದ ಉಳಿಯುತ್ತದೆ.

ನಿನ್ನ ತಮ್ಮ


ಜೂನ್ 14

ಮಿಡತೆ,

ಟಿಕೆಟ್ ತಪಾಸಣೆ ಮಾಡಿ ಮಾಡಿ ನಿವೃತ್ತಳಾದವಳಿಗೆ ನೀನು ಕಾಗದ ಬರೆಯುತ್ತಿದ್ದೀಯ ಎಂಬುದು ನೆನಪಿರಲಿ. ರೈಲಿನಲ್ಲಿ ನಾನು ಬೋಗಿ ಹತ್ತುತ್ತಿದ್ದಂತೆ, ಕೇಳುವ ಮೊದಲೇ "ಟಿಕೆಟ್ ಇದೆ ಮೇಡಂ" ಎನ್ನುವವನ ಜೇಬಿನಲ್ಲಿ ಟಿಕೆಟ್ ಇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡಿದ್ದೀಯ. ಮೊದಲ ಸಾಲಿನಲ್ಲೇ ಬಾಟಲಿ ಯಾಕೆ ಬಂತು?

ಕೆಲಸ ಸಿಕ್ಕಿದ್ದು ಸಂತೋಷ. ರೋಗಿಯಾಗಿ ದುಡಿಯುವವನ ಬಗ್ಗೆ ನಾನು ಈಗಲೇ ಕೇಳಿದ್ದು. ಆದರೆ ಮೊದಲಿನ ಹಾಗೆ ಭಾನುವಾರ ಫೋನು ಯಾಕೆ ಎತ್ತುವುದಿಲ್ಲ? ಹೋದ ಬಾರಿ ಎತ್ತಿದಾಗ ನಾನು ಒಂದು ಕೇಳಿದರೆ ನೀನು ಇನ್ನೊಂದು ಹೇಳಿದೆ, "ಹಾಂ, ಹಾಂ" ಎಂದು ಇಟ್ಟುಬಿಟ್ಟೆ. ಕಾಗದ ಉಳಿಯುತ್ತದೆ ಎನ್ನುವುದು ನಿಜ. ಕಾಗದಕ್ಕೆ ಬಾಯಿ ವಾಸನೆ ಇರುವುದಿಲ್ಲ ಎನ್ನುವುದೂ ನಿಜ.

ಆ ಹತ್ತಿಯ ಕಥೆ ನನಗೆ ಹಿಡಿಸಲಿಲ್ಲ. ಕಣ್ಣಿಗೆ ಹತ್ತಿ ಇಟ್ಟರೂ ರೆಪ್ಪೆ ಹೊಡೆಯದವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ನಮ್ಮ ಚಿಕ್ಕಪ್ಪ. ಕುಡಿದು ಜಗಲಿಯ ಮೇಲೆ ಬಿದ್ದಿದ್ದಾಗ ಕಣ್ಣಿನ ಮೇಲೆ ನೊಣ ಕೂತು ಎದ್ದು ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಕೊನೆ ಹೇಗಾಯಿತು ಎಂದು ನಿನಗೆ ನೆನಪಿಸಬೇಕಾಗಿಲ್ಲ.

ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಈ ವರ್ಷ ಮುಗಿದ ಮೇಲೆ ಬಾ, ಇಲ್ಲೇ ಇರು. ನನಗೂ ಜಗಳಕ್ಕೆ ಒಂದು ಜನ ಬೇಕು. ಆದರೆ ನನ್ನ ಷರತ್ತು ಹಳೆಯದೇ. ಒಂದು ಗುಟುಕು ಹೋದರೂ ಈ ಮನೆಯ ಬಾಗಿಲು ನಿನಗೆ ತೆರೆಯುವುದಿಲ್ಲ. ನಿನ್ನನ್ನು ಒಂದು ಸಲ ಆ ಕೊಚ್ಚೆಯಿಂದ ಎತ್ತಿ ತಂದು ಆರು ತಿಂಗಳು ಕಾದಿದ್ದೇನೆ. ಇನ್ನೊಂದು ಸಲ ನನ್ನ ಕೈಲಾಗದು.

ಅಕ್ಕ


ಜೂನ್ 27

ಅಕ್ಕಾ,

ಚಿಕ್ಕಪ್ಪನ ಜೊತೆ ನನ್ನನ್ನು ಒಂದೇ ತಕ್ಕಡಿಗೆ ಹಾಕಿದೆಯಲ್ಲ, ಒಳ್ಳೆಯದು. ಕಲೆಗೆ ನಮ್ಮ ಮನೆಯಲ್ಲಿ ಯಾವತ್ತೂ ಇಷ್ಟೇ ಮರ್ಯಾದೆ.

ಇಲ್ಲಿ ನನ್ನ ಬುಡಕ್ಕೆ ಕೊಡಲಿ ಬೀಳುತ್ತಿದೆ, ನೀನು ಅಲ್ಲಿ ಬಾಟಲಿ ಹುಡುಕುತ್ತಿದ್ದೀಯ. ಆ ಕನ್ನಡಕದ ಹುಡುಗಿ ನನ್ನ ಬೆನ್ನು ಹತ್ತಿದ್ದಾಳೆ. ಮೊನ್ನೆ ಕ್ಯಾಂಟೀನಿನಲ್ಲಿ ನಾನು ಚಹಾ ಕುಡಿಯುತ್ತಿದ್ದಾಗ ನನ್ನ ಬಲಗಡೆ ಬಂದು ನಿಂತಿದ್ದಳಂತೆ. ನನಗೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಅಷ್ಟು ಹತ್ತಿರ ಮುಖ! ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡೆ.

"ಸರ್, ಮೂರು ಸಲ ಕರೆದೆ" ಎಂದಳು.

"ಕರೆದರೆ ಬರೋಕೆ ನಾನೇನು ನಿನ್ನ ಮನೆ ನಾಯಿನಾ?" ಎಂದೆ. ತಪ್ಪು, ಹಾಗೆ ಅನ್ನಬಾರದಿತ್ತು. ಆದರೆ ಸಿಟ್ಟು ಬಂತು.

"ಕೋಪ ಮಾಡ್ಕೋಬೇಡಿ ಸರ್. ಒಂದ್ಸಲ ನಟನೆ ಬಿಟ್ಟು ಸುಮ್ನೆ ಕೂತ್ಕೊಳ್ತೀರಾ? ನಾನು ಇನ್ನೊಂದ್ಸಲ ನೋಡ್ಬೇಕು."

ಯಾಕೆ ನೋಡಬೇಕು ಎಂದು ನನಗೆ ಗೊತ್ತಿಲ್ಲವೇ? ಫೇಲಾದವಳು ಅವಳು. ನಾನು ಪಾತ್ರ ಬಿಟ್ಟು ಬೇರೆ ಏನೋ ಸೇರಿಸಿ ಆಡಿದೆ ಎಂದು ಸಾಬೀತು ಮಾಡಿದರೆ ಅವಳ ಅಂಕ ಅವಳಿಗೆ ವಾಪಸ್, ನನ್ನ ಕುರ್ಚಿ ಇನ್ನೊಬ್ಬನಿಗೆ. ಇಂಥವರನ್ನು ನಾನು ರಂಗದ ಮೇಲೆ ಎಷ್ಟು ನೋಡಿಲ್ಲ! ಮಾರನೆಯ ದಿನವೇ ನಟರನ್ನು ನೋಡಿಕೊಳ್ಳುವ ಮೇಡಂ ನನ್ನನ್ನು ಕರೆಸಿದರು. "ಯಾರೋ ದೂರು ಕೊಟ್ಟಿದ್ದಾರೆ. ನೀವು ಸ್ವಂತಕ್ಕೆ ಏನಾದ್ರೂ ಸೇರಿಸ್ತಿದ್ದೀರಾ?" ಎಂದರು. ಮುಖದಲ್ಲಿ ನಗು, ಕಣ್ಣಿನಲ್ಲಿ ತೂಕ. ಕಂಪನಿಯ ಮಾಲೀಕರು ನನ್ನನ್ನು ಬಿಡಿಸುವ ಮುಂಚೆ ಹೀಗೇ ನಗುತ್ತಿದ್ದರು.

ಕಂಪನಿ ಯಾಕೆ ಬಿಟ್ಟೆ ಎಂದು ನೀನು ಆವಾಗಾವಾಗ ಕೇಳುತ್ತಿದ್ದೆ. ಪಕ್ಕದ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವನು ಬದಲಾಗಿದ್ದ. ಹೊಸಬ ಬಾಯಲ್ಲಿ ಅನ್ನ ಇಟ್ಟುಕೊಂಡ ಹಾಗೆ ಮಾತು ನುಂಗುತ್ತಿದ್ದ. ಅವನ ತಪ್ಪಿಗೆ ನಾನು ರಂಗದ ಮೇಲೆ ಬಾಯಿ ತೆರೆದು ನಿಂತೆ. ಅಷ್ಟೇ ಕಾರಣ. ಈಗಲಾದರೂ ನಂಬು.

ತಮ್ಮ


ಜುಲೈ 9

ತಮ್ಮನಿಗೆ,

ನಿನ್ನ ಮನೆ ಮಾಲೀಕರ ಫೋನ್ ನಂಬರು ನನ್ನ ಹತ್ತಿರ ಇತ್ತು. ಮಾಡಿದೆ. ಹೌದು, ನಿನ್ನನ್ನು ಕೇಳದೆ ಮಾಡಿದೆ.

ಪಾಪ, ಒಳ್ಳೆಯ ಮನುಷ್ಯ. ಹೇಳಲು ಹಿಂದೆ ಮುಂದೆ ನೋಡಿದರು. "ಬಾಡಿಗೆ ಸರಿಯಾಗಿ ಕೊಡ್ತಾರಮ್ಮ, ಗಲಾಟೆ ಏನಿಲ್ಲ. ಆದ್ರೆ ಸಂಜೆ ಹೊತ್ತು ಮೆಟ್ಟಿಲು ಹತ್ತುವಾಗ ಗೋಡೆ ಹಿಡ್ಕೊಂಡು ಬರ್ತಾರೆ. ಮಾತಾಡಿಸಿದ್ರೆ ಒಮ್ಮೊಮ್ಮೆ ಉತ್ತರಾನೇ ಕೊಡಲ್ಲ, ಮುಖ ತಿರುಗಿಸ್ಕೊಂಡು ಹೋಗ್ತಾರೆ" ಎಂದರು.

ಗೋಡೆ ಹಿಡಿದು ನಡೆಯುವವನು, ಮಾತಾಡಿಸಿದರೆ ಮುಖ ತಿರುಗಿಸುವವನು, ಫೋನು ಎತ್ತದವನು. ಇವರು ಮೂವರಲ್ಲ, ಒಬ್ಬನೇ.

ಆ ಹುಡುಗಿ ಪಿತೂರಿ ಮಾಡುತ್ತಿದ್ದಾಳೆ, ಮೇಡಂ ಪಿತೂರಿ ಮಾಡುತ್ತಿದ್ದಾರೆ, ಮಾತು ಎತ್ತಿಕೊಡುವವನು ಪಿತೂರಿ ಮಾಡಿದ. ಊರೆಲ್ಲ ಸೇರಿ ನಿನ್ನೊಬ್ಬನ ಮೇಲೆ ಬಿದ್ದಿದೆ. ಚಿಕ್ಕಪ್ಪನೂ ಹೀಗೇ ಹೇಳುತ್ತಿದ್ದರು.

ಒಂದೇ ಪ್ರಶ್ನೆ. ಕುಡಿಯುತ್ತಿದ್ದೀಯೋ ಇಲ್ಲವೋ? ಹೌದು ಅಥವಾ ಇಲ್ಲ. ಅಲಂಕಾರ ಬೇಡ.

ಅಕ್ಕ


ಜುಲೈ 15

ಇಲ್ಲ.

ಅಲಂಕಾರ ಬೇಡ ಎಂದೆಯಲ್ಲ, ಇಲ್ಲಿಗೇ ನಿಲ್ಲಿಸಬೇಕಿತ್ತು. ಆಗುವುದಿಲ್ಲ. ನನ್ನ ಹಿಂದೆ ಗೂಢಚಾರರನ್ನು ಬಿಡುವಷ್ಟು ಕೆಳಗಿಳಿದೆಯಾ? ಮೆಟ್ಟಿಲಲ್ಲಿ ದೀಪವಿಲ್ಲ, ಅದಕ್ಕೆ ಗೋಡೆ ಹಿಡಿಯುತ್ತೇನೆ. ದೀಪ ಹಾಕಿಸಲಾಗದ ಮಾಲೀಕನಿಗೆ ನನ್ನ ನಡಿಗೆಯ ಮೇಲೆ ಭಾಷಣ ಬೇರೆ. ಇನ್ನು ಮೇಲೆ ಅವನ ಜೊತೆ ನಾನು ಮಾತೇ ಆಡುವುದಿಲ್ಲ. ಆಗ ಅವನು ಹೇಳಿದ್ದು ನಿಜವಾಗುತ್ತದೆ, ನಿನಗೂ ಸಮಾಧಾನ.

ನನ್ನ ಮಾತಿನ ಮೇಲೆ ನಂಬಿಕೆ ಬರುವವರೆಗೆ ನನಗೆ ಬರೆಯಬೇಡ.


ಆಗಸ್ಟ್ 2

ನೀನು ಬೇಡ ಎಂದರೂ ಬರೆಯುತ್ತಿದ್ದೇನೆ. ಇದು ಕೊನೆಯದು.

ನಿನ್ನ "ಇಲ್ಲ" ಓದಿ ಎರಡು ವಾರ ನನ್ನನ್ನೇ ಬೈದುಕೊಂಡೆ. ತಮ್ಮ ಗಟ್ಟಿಯಾಗಿದ್ದಾನೆ, ನಾನೇ ಹಾಳು ಬುದ್ಧಿಯವಳು ಎಂದುಕೊಂಡೆ. ಕ್ಷಮೆ ಕೇಳೋಣವೆಂದು, ಹೇಳದೆ ಕೇಳದೆ ಶನಿವಾರ ರೈಲು ಹತ್ತಿ ಬಂದೆ. ಪೆಟ್ಟಿಗೆಯಲ್ಲಿ ನಿನಗೆ ಎರಡು ಅಂಗಿ ಇತ್ತು.

ನಿನ್ನ ಬೀದಿಯ ತಿರುವಿನಲ್ಲಿ ಕೊಡೆ ರಿಪೇರಿಯ ಅಂಗಡಿ ಇದೆಯಲ್ಲ, ಅಲ್ಲಿ ನಿಂತು ದಾರಿ ಕೇಳುತ್ತಿದ್ದೆ. ಇನ್ನೂ ಬೆಳಕಿತ್ತು. ನೀನು ಕಾಲೇಜಿನ ಕಡೆಯಿಂದ ಬಂದೆ. ಒಂದು ಕೈ ಗೋಡೆಯ ಮೇಲೆ, ಕಾಲು ಅಗಲ ಅಗಲ. ಗೋಡೆ ಮುಗಿದ ಕಡೆ ಒಂದು ಕ್ಷಣ ನಿಂತು, ದೋಣಿಯಿಂದ ಇಳಿಯುವವನ ಹಾಗೆ ಹೆಜ್ಜೆ ಇಟ್ಟೆ, ತೂರಾಡಿದೆ, ಕಂಬ ಹಿಡಿದುಕೊಂಡೆ. ಅಂಗಡಿಯವನು ಕೊಡೆಯ ಕಡ್ಡಿಯಿಂದ ಕಣ್ಣೆತ್ತದೆ, "ದಿನಾ ಇದೇ ಕಥೆ ಅಮ್ಮ ಆ ಯಪ್ಪಂದು" ಎಂದ. ಆತ ನನ್ನ ತಮ್ಮ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ರೈಲಿಗೇ ವಾಪಸಾದೆ. ಅಂಗಿಗಳನ್ನು ಸ್ಟೇಷನ್ನಿನಲ್ಲಿ ಒಬ್ಬ ಪೋರ್ಟರನಿಗೆ ಕೊಟ್ಟೆ.

ನನಗೆ ಸುಳ್ಳು ಹೇಳಿದವರು ಬಹಳ ಜನ. ಆದರೆ ಅವರು ಯಾರೂ ನನ್ನ ಕೈತುತ್ತು ತಿಂದು ಬೆಳೆದವರಲ್ಲ. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ನಿನಗೆ ಅಕ್ಕನಿಲ್ಲ, ನನಗೆ ತಮ್ಮನಿಲ್ಲ. ಬರೆದರೆ ಒಡೆಯುವುದಿಲ್ಲ.


ಆಗಸ್ಟ್ 20

ಅಕ್ಕಾ,

ಒಡೆಯುವುದಿಲ್ಲ ಎಂದಿದ್ದೀಯ. ಆದರೂ ಬರೆಯುತ್ತೇನೆ. ಮನಸ್ಸಿನಲ್ಲಿ ಇಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ.

ನಿನ್ನ ಕಾಗದ ಓದಿ ಮೊದಲು ಬಂದದ್ದು ಕೋಪ. ಎದುರಿಗೇ ನಿಂತು ನೋಡಿ, ಒಂದು ಮಾತು ಆಡದೆ ಹೋದೆಯಲ್ಲ! ಆಮೇಲೆ ಭಯವಾಯಿತು. ನಾನು ತೂರಾಡುತ್ತೇನೆ ಎಂದು ನನಗೂ ಗೊತ್ತಿತ್ತು. ವಯಸ್ಸು, ಚಪ್ಪಲಿ, ರಸ್ತೆ ಎಂದು ಏನೇನೋ ಹೇಳಿಕೊಂಡಿದ್ದೆ. ನಾನು ಕುಡಿದಿಲ್ಲ ಎಂದು ನಿನಗೆ ಯಾರು ಹೇಳಬಲ್ಲರು? ನಾನು ಹೇಳಿದರೆ ನಂಬುವುದಿಲ್ಲ. ಮಾಲೀಕ ಹೇಳುವುದಿಲ್ಲ. ಡಾಕ್ಟರು ಹೇಳಿದರೆ ನಂಬುತ್ತೀಯ. ಡಾಕ್ಟರುಗಳಲ್ಲಿ ನನ್ನನ್ನು ಪರೀಕ್ಷೆ ಮಾಡಲೇಬೇಕೆಂದು ಹಟ ಹಿಡಿದಿದ್ದವಳು ಒಬ್ಬಳೇ, ಅವಳಿನ್ನೂ ಡಾಕ್ಟರೇ ಆಗಿರಲಿಲ್ಲ.

ಹುಡುಕಿಕೊಂಡು ಹೋದೆ. ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

"ಏನಮ್ಮಾ, ನನ್ನ ಪರೀಕ್ಷೆ ಮಾಡ್ಬೇಕು ಅಂದಿದ್ದೆಯಲ್ಲ, ಮಾಡು. ನಾನು ಕುಡಿಯೋನಲ್ಲ ಅಂತ ಬರೆದು ಕೊಡ್ಬೇಕು, ಅಷ್ಟೇ ನನ್ನ ಷರತ್ತು."

ಅವಳು ಹಣ್ಣು ನುಂಗಿ ನನ್ನನ್ನೇ ನೋಡಿದಳು. ಈಗ ಅವಳಿಗೆ ನನ್ನ ಮೇಲೆ ಅನುಮಾನ. "ಮೇಡಂ ಕಳ್ಸಿದ್ರಾ ನಿಮ್ಮನ್ನ?" ಎಂದಳು. ಇಲ್ಲ ಎಂದು ನಂಬಿಸಲು ನಿನ್ನ ಕಾಗದವನ್ನೇ ತೋರಿಸಬೇಕಾಯಿತು. ಓದಿ ಮಡಚಿ ಕೊಟ್ಟಳು. "ಕುಡಿತೀರೋ ಇಲ್ವೋ ಅಂತ ನನಗೆ ಹೇಳಕ್ಕಾಗಲ್ಲ ಸರ್. ಯಾಕೆ ತೂರಾಡ್ತೀರಿ ಅಂತ ಬೇಕಾದ್ರೆ ನೋಡ್ತೀನಿ" ಎಂದಳು.

ಖಾಲಿ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರಿಸಿದಳು. ಮೊದಲು ಒಂದೊಂದು ಮೂಗಿನ ಹೊಳ್ಳೆ ಮುಚ್ಚಿ ಸೋಪು ಮೂಸಿಸಿದಳು. ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದಳು. ತಲೆ ಅಲ್ಲಾಡಿಸದೆ ಬೆರಳನ್ನು ಕಣ್ಣಿನಲ್ಲೇ ಹಿಂಬಾಲಿಸಲು ಹೇಳಿದಳು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಆದರೆ ಪಾತ್ರವಿಲ್ಲದೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಅಂದೇ ಗೊತ್ತಾದದ್ದು. "ಹುಬ್ಬು ಮೇಲೆತ್ತಿ" ಎಂದಳು. ಅಭ್ಯಾಸಬಲ, ಎಡ ಹುಬ್ಬು ಮಾತ್ರ ಏರಿತು.

"ಪಾತ್ರ ಬಿಡಿ ಸರ್."

ಬಿಟ್ಟೆ. ಎರಡೂ ಏರಿದವು. ಇಬ್ಬರೂ ನಕ್ಕೆವು. ನಾವು ನಕ್ಕದ್ದು ಅದೊಂದೇ ಸಲ.

ಬಡಿದರೆ ಗುಂಯ್ ಎನ್ನುವ ಉಕ್ಕಿನ ಕವೆಯನ್ನು ಅಂಗೈಗೆ ಬಡಿದು, ನನ್ನ ಹಣೆಯ ನಡುವೆ ಇಟ್ಟಳು. "ಎಲ್ಲಿ ಕೇಳುತ್ತೆ? ಮಧ್ಯದಲ್ಲಾ, ಪಕ್ಕದಲ್ಲಾ?" ಎಡಗಡೆ ಎಂದೆ. ಎಡಗಿವಿಯಲ್ಲೇ ಜೇನುಹುಳ ಕೂತ ಹಾಗಿತ್ತು. ಅದನ್ನೇ ಬಲಗಿವಿಯ ಹತ್ತಿರ ತಂದಳು. ಕವೆ ನಡುಗುವುದು ಕಣ್ಣಿಗೆ ಕಾಣುತ್ತಿತ್ತು, ಸದ್ದಿಲ್ಲ. ಆಮೇಲೆ ನನ್ನನ್ನು ಎಡಕ್ಕೆ, ಮೇಲಕ್ಕೆ ನೋಡಲು ಹೇಳಿ, ಬಲ ಪಕ್ಕದಿಂದ ಹತ್ತಿಯ ಎಳೆ ತಂದಳು. ನಾನು ಕಾದೆ. ಬಹಳ ಹೊತ್ತಾಯಿತು ಅನ್ನಿಸಿತು.

"ಇಡಮ್ಮಾ, ಯಾಕೆ ಕಾಯ್ತಿದೀಯ?" ಎಂದೆ.

"ಇಟ್ಟು ತೆಗೆದೆ ಸರ್" ಎಂದಳು.

ಎಡಗಣ್ಣಿಗೆ ಸೋಕಿಸಿದಳು. ಎರಡೂ ರೆಪ್ಪೆ ಪಟ್ಟನೆ ಬಡಿದವು, ನೀರು ಬಂತು. ಅಕ್ಕಾ, ಡಾಕ್ಟರು ಮೇಜು ತಟ್ಟಿ ಹೊಗಳಿದ ನನ್ನ ನಟನೆ ನಟನೆಯೇ ಆಗಿರಲಿಲ್ಲ. ಆವತ್ತು ಹತ್ತಿ ಬರುವುದು ಕಂಡಿತ್ತು, ಸೋಕಿದ್ದು ನನಗೆ ಗೊತ್ತೇ ಆಗಿರಲಿಲ್ಲ, ಅಷ್ಟೇ.

ಅವಳು ಹೆದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕಿವಿ ಕೇಳ್ಸೋದು, ನಡೆಯುವಾಗ ತೂಕ ತಪ್ಪದ ಹಾಗೆ ನೋಡ್ಕೊಳ್ಳೋದು, ಎರಡೂ ಒಂದೇ ನರ ಸರ್. ಕಣ್ಣಿನ ಸ್ಪರ್ಶ ಅದರ ಪಕ್ಕದ್ದು. ಎರಡೂ ಒಂದೇ ಕಡೆ ಹೋಗಿದೆ. ಸ್ಕ್ಯಾನ್ ಮಾಡಿಸ್ಲೇಬೇಕು, ನಾಳೆಯೇ" ಎಂದಳು. ತಾನೇ ನನ್ನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನನ್ನ ಎಡಗಡೆಯೇ ನಡೆಯುತ್ತಿದ್ದಳು.

ಈಗ ನಿಜ ಹೇಳುತ್ತೇನೆ. ಬಲಗಿವಿ ಹೋಗಿ ಎರಡು ವರ್ಷದ ಮೇಲಾಯಿತು. ಮಾತು ಎತ್ತಿಕೊಡುವವನು ಮಾತು ನುಂಗುತ್ತಿರಲಿಲ್ಲ, ಅವನು ನನ್ನ ಬಲಗಡೆ ನಿಲ್ಲುತ್ತಿದ್ದ. ಫೋನಿನಲ್ಲಿ ನೀನು ಹೇಳಿದ್ದು ಅರ್ಧ ತಿಳಿಯುತ್ತಿರಲಿಲ್ಲ, ಎಡಗಿವಿಗೆ ಬದಲಾಯಿಸಿದರೂ ಬಲಗಿವಿಯೊಳಗೆ ಸದಾ ಗುಂಯ್‌ಗುಡುವ ಕೂಗು ಅದನ್ನು ನುಂಗುತ್ತಿತ್ತು. ಕಿವುಡ ನಟನಿಗೆ ಯಾರು ಪಾತ್ರ ಕೊಡುತ್ತಾರೆ? ಅದಕ್ಕೆ ಮುಚ್ಚಿಟ್ಟೆ. ನಿನ್ನಿಂದಲೂ.

ತಮ್ಮ


ಸೆಪ್ಟೆಂಬರ್ 6
(ಕಾರ್ಡು)

ಲಕೋಟೆ ನೀನು ಒಡೆದಿರಲಿಕ್ಕಿಲ್ಲ. ಅದಕ್ಕೇ ಕಾರ್ಡು. ಇದರಲ್ಲಿ ಒಡೆಯಲು ಏನೂ ಇಲ್ಲ.

ಕುಡಿತವಲ್ಲ. ಬಲಗಿವಿಯ ನರದ ಮೇಲೆ ಗೆಡ್ಡೆ. ಕ್ಯಾನ್ಸರಲ್ಲ ಎನ್ನುತ್ತಾರೆ. ದೊಡ್ಡದಾಗಿದೆ, ಮೆದುಳನ್ನು ಒತ್ತುತ್ತಿದೆ, ತೆಗೆಯಲೇಬೇಕು. ಹದಿನೆಂಟಕ್ಕೆ ಆಪರೇಷನ್. ಬಲಗಿವಿ ಮತ್ತೆ ಬರುವುದಿಲ್ಲ. ಮುಖದ ನರ ಗೆಡ್ಡೆಗೆ ಅಂಟಿಕೊಂಡಿರುವುದರಿಂದ ಮುಖ ಬಲಗಡೆ ಜೋತು ಬೀಳಬಹುದು. ಬಿದ್ದರೆ ನನಗೆ ಅಭ್ಯಾಸವಿದೆ. ಹುಡುಗಿಗೆ ಇನ್ನೂ ಅಂಕ ಕೊಟ್ಟಿಲ್ಲ. ಆ ದಿನದ ಪಾತ್ರದಲ್ಲಿ ಈ ರೋಗ ಇರಲಿಲ್ಲವಂತೆ.

ಹತ್ತಿರದ ಸಂಬಂಧಿಕರು ಯಾರು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಯಾರೂ ಇಲ್ಲ ಎಂದೆ. ಕೋಪದಿಂದಲ್ಲ. ನೀನು ಹಾಗೆ ಹೇಳಿದ್ದೆ.


ಸೆಪ್ಟೆಂಬರ್ 11

ಮಿಡತೆ,

ಅಂಚೆಯವನು ಕಾರ್ಡು ಓದಿಕೊಂಡೇ ಬಂದಿದ್ದ. "ತಮ್ಮನಿಗೆ ಆಪರೇಷನ್ನಾ ಅಮ್ಮಾ?" ಎಂದು ಕೇಳಿದ. ನನಗಿಂತ ಮೊದಲು ನಿನ್ನ ಸುದ್ದಿ ಬೀದಿಗೆ ಗೊತ್ತಾಯಿತು. ನನಗೆ ತಕ್ಕದ್ದೇ.

ಒಳಗೆ ಹೋಗಿ ನಿನ್ನ ಆಗಸ್ಟಿನ ಲಕೋಟೆ ಒಡೆದೆ. ಬೀರುವಿನಲ್ಲಿ ಇಟ್ಟಿದ್ದೆ, ಎಸೆದಿರಲಿಲ್ಲ. ನಿಂತೇ ಓದಿದೆ. ಇದೂ ಇನ್ನೊಂದು ನಾಟಕವಿರಬಹುದು ಎಂದು ಮೊದಲ ಪುಟದಲ್ಲಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹುಟ್ಟುಗುಣ. ಆದರೆ ಮಾತು ಎತ್ತಿಕೊಡುವವನು ನಿನ್ನ ಬಲಗಡೆ ನಿಲ್ಲುತ್ತಿದ್ದ ಎಂಬಲ್ಲಿಗೆ ಬಂದ ಮೇಲೆ ಮತ್ತೆ ಮೊದಲಿನಿಂದ ನೆಲದ ಮೇಲೆ ಕೂತು ಓದಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಂಡದ್ದನ್ನೇ ತೀರ್ಪು ಮಾಡಿಬಿಟ್ಟೆ.

ಮಹಡಿಯ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ನಿನಗೆ ನೋವಾಗಲಿ ಎಂದು ಹಾಗೆ ಬರೆದೆ. ಆಸ್ಪತ್ರೆಯವರಿಗೆ ನನ್ನ ಹೆಸರು, ನನ್ನ ವಿಳಾಸ ಕೊಡು. ಯಾರೂ ಇಲ್ಲ ಎಂದದ್ದನ್ನು ಹೊಡೆದು ಹಾಕಿಸು. ಮುಖ ಸೊಟ್ಟಗಾದರೆ ಆಗಲಿ, ನೀನು ಮೊದಲೂ ಅಂಥ ಚೆಲುವನಲ್ಲ. ಆ ಹುಡುಗಿಯನ್ನು ನಾನು ನೋಡಬೇಕು. ಅಂಕದ ವಿಷಯ ಆ ದೊಡ್ಡ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ. ಟಿಕೆಟ್ ಇಲ್ಲದ ದೊಡ್ಡ ಮನುಷ್ಯರನ್ನು ಬಹಳ ಇಳಿಸಿದ್ದೇನೆ.

ಇನ್ನೊಂದು ಹೇಳಬೇಕು. ನನ್ನ ಆಗಸ್ಟಿನ ಕಾಗದದಲ್ಲಿ ಬರೆಯದೆ ಬಿಟ್ಟದ್ದು. ಬರೆಯಲು ಕೈ ಬಂದಿರಲಿಲ್ಲ.

ಆ ಸಂಜೆ ನಾನು ಸುಮ್ಮನೆ ನೋಡಿಕೊಂಡು ಹಿಂತಿರುಗಲಿಲ್ಲ. ನೀನು ಕಂಬ ಹಿಡಿದು ನಿಂತಾಗ ಅಂಗಡಿಯ ಮೆಟ್ಟಿಲಿಳಿದು ನಿನ್ನ ಹತ್ತಿರ ಬಂದೆ. ಕೈ ಚಾಚಿದರೆ ನಿನ್ನ ತೋಳು ಸಿಗುತ್ತಿತ್ತು, ಅಷ್ಟು ಹತ್ತಿರ. "ಮಿಡತೆ" ಎಂದು ಕರೆದೆ. ನೀನು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ನೀನು ಕಂಬ ಬಿಟ್ಟು, ನಾನಿಲ್ಲವೇ ಇಲ್ಲ ಎನ್ನುವ ಹಾಗೆ ನಡೆದು ಹೋದೆ. ಕುಡಿದದ್ದನ್ನು ಒಂದು ದಿನ ಕ್ಷಮಿಸುತ್ತಿದ್ದೆನೋ ಏನೋ. ನನ್ನ ದನಿ ಕೇಳಿಯೂ ಹೋದೆ ಎಂದುಕೊಂಡೆನಲ್ಲ, ಬಾಗಿಲು ಹಾಕಿದ್ದು ಅದಕ್ಕೆ.

ನಿನ್ನೆಯಿಂದ ಆ ಬೀದಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದೇನೋ. ಅಂಗಡಿ ಯಾವ ಕಡೆ, ಕಂಬ ಯಾವ ಕಡೆ, ನೀನು ಯಾವ ಕಡೆ ಮುಖ ಮಾಡಿದ್ದೆ. ಪ್ರತಿ ಸಲವೂ ಒಂದೇ ಉತ್ತರ ಬರುತ್ತದೆ. ನಾನು ನಿಂತಿದ್ದದ್ದು ನಿನ್ನ ಬಲಗಡೆ.

ಭಾನುವಾರದ ರೈಲಿಗೆ ಹೊರಡುತ್ತೇನೆ. ಸ್ಟೇಷನ್ನಿಗೆ ಬರಬೇಡ, ಮನೆಯಲ್ಲೇ ಕೂತಿರು. ಈ ಸಲ ಎಡಗಡೆಯಿಂದ ಬರುತ್ತೇನೆ.

ನಿನ್ನ ಅಕ್ಕ